ರಾತ್ರಿ ಎರಡು ಗಂಟೆಗೆ ತೀರ್ಮಾನ ಯಾರದು?

ಅಮೆರಿಕದ ಫ್ಲಾರಿಡಾ ರಾಜ್ಯದಲ್ಲೂ ಒಂದು ಹಾಲಿವುಡ್ ಇದೆ. ಸಿನಿಮಾಕ್ಕೂ ಅದಕ್ಕೂ ನಂಟಿಲ್ಲ. ಮಯಾಮಿಗೆ ಉತ್ತರದಲ್ಲಿರುವ ಕಡಲತಡಿಯ ಊರು. 2017ರ ಸೆಪ್ಟೆಂಬರ್ 10ರ ಭಾನುವಾರ ‘ಇರ್ಮಾ’ ಚಂಡಮಾರುತ ಆ ರಾಜ್ಯಕ್ಕೆ ಅಪ್ಪಳಿಸಿದಾಗ ಅಲ್ಲಿನ ಹಾಲಿವುಡ್ ಹಿಲ್ಸ್ ನರ್ಸಿಂಗ್ ಹೋಮ್‌ನಲ್ಲಿ ಸುಮಾರು 140 ಮಂದಿ ಇದ್ದರು. ಹೆಚ್ಚಿನವರು ಮುದುಕರು, ಎಷ್ಟೋ ಜನ ಹಾಸಿಗೆ ಬಿಟ್ಟೇಳಲಾರದವರು. ಆ ಮಧ್ಯಾಹ್ನ, ಕಟ್ಟಡದ ಎಸಿಗೆ ವಿದ್ಯುತ್ ಒದಗಿಸುವ ಟ್ರಾನ್ಸ್‌ಫಾರ್ಮರ್‌ನ ಫ್ಯೂಸ್ ಹೋಯಿತು. ಮಿಕ್ಕೆಲ್ಲಕ್ಕೂ ಕರೆಂಟ್ ಇತ್ತು. ದೀಪಗಳು ಉರಿಯುತ್ತಿದ್ದವು. ಎಸಿ ಮಾತ್ರ ಸತ್ತಿತ್ತು.

ದುರಂತದ ಬೇರು ಇಲ್ಲೇ ಇದೆ. ಇಡೀ ಕಟ್ಟಡ ಕತ್ತಲಾಗಿದ್ದರೆ ಎಲ್ಲರೂ ಎಚ್ಚೆತ್ತುಕೊಳ್ಳುತ್ತಿದ್ದರೋ ಏನೋ. ದೀಪ ಉರಿಯುತ್ತಿದ್ದುದರಿಂದ ‘ಇನ್ನೇನು ಬಂದುಬಿಡುತ್ತದೆ’ ಎಂಬ ನಂಬಿಕೆಯಲ್ಲಿ ಒಂದೊಂದೇ ತಾಸು ಸರಿಯಿತು. ಫ್ಯಾನು ಇಟ್ಟರು, ಕೂಲರ್‌ಗಳನ್ನು ತಂದಿಟ್ಟರು. ವಿದ್ಯುತ್ ಕಂಪನಿಗೆ ಮತ್ತೆಮತ್ತೆ ಫೋನ್ ಮಾಡಿದರು. ತುರ್ತಿಗೆ ಇರಲಿ ಎಂದು ಗವರ್ನರ್ ಕೊಟ್ಟಿದ್ದ ಮೊಬೈಲ್ ಸಂಖ್ಯೆಗೂ ಕರೆಗಳು ಹೋದವು. ಭಾನುವಾರ ಕಳೆಯಿತು, ಸೋಮವಾರ ಕಳೆಯಿತು, ಮಂಗಳವಾರವೂ ಕಳೆಯಿತು. ಬುಧವಾರ ನಸುಕಿನಲ್ಲಿ ಒಬ್ಬರ ಹಿಂದೊಬ್ಬರಂತೆ ಕುಸಿಯತೊಡಗಿದಾಗ ಆಂಬುಲೆನ್ಸ್‌ಗೆ ಕರೆ ಹೋಯಿತು. ಮೇಲಿನ ಮಹಡಿಯಲ್ಲಿ ಸಿಕ್ಕ ಕೆಲವರ ಮೈ ಬಿಸಿ 107 ಡಿಗ್ರಿ ಫ್ಯಾರನ್‌ಹೀಟ್ ದಾಟಿತ್ತು. ಅದೇ ದಿನ ಎಂಟು ಮಂದಿ ಸತ್ತರು. ಕೊನೆಗೆ ವೈದ್ಯಕೀಯ ಪರೀಕ್ಷಕರು 12 ಸಾವುಗಳನ್ನು ‘ನರಹತ್ಯೆ’ ಎಂದು ದಾಖಲಿಸಿದರು.

ರಸ್ತೆ ದಾಟಿದರೆ ಮೆಮೋರಿಯಲ್ ರೀಜನಲ್ ಆಸ್ಪತ್ರೆ. ದೊಡ್ಡ ಆಸ್ಪತ್ರೆ, ಅಲ್ಲಿ ಎಸಿಯೂ ಓಡುತ್ತಿತ್ತು. ಆ ಬೆಳಗ್ಗೆ ವಿಷಯ ತಿಳಿದ ಆಸ್ಪತ್ರೆಯ ಸಿಬ್ಬಂದಿ ಸ್ಟ್ರೆಚರ್‌ಗಳನ್ನು ತಳ್ಳಿಕೊಂಡು ರಸ್ತೆ ದಾಟಿ ಬಂದು ಎಲ್ಲರನ್ನೂ ಹೊರಸಾಗಿಸಿದರು. ಮೂರು ದಿನ ಆಗದೇ ಇದ್ದ ಕೆಲಸ ಕೆಲವೇ ತಾಸಿನಲ್ಲಿ ಮುಗಿಯಿತು.

ಆ ನರ್ಸಿಂಗ್ ಹೋಮ್‌ನಲ್ಲಿ ಉಪಕರಣಗಳಿಗೆ ಬರವಿರಲಿಲ್ಲ. ತುರ್ತು ಯೋಜನೆಯ ಕಡತವಿತ್ತು, ಜನರೇಟರ್ ಕೂಡ ಇತ್ತು; ಎಸಿಯನ್ನು ಅದಕ್ಕೆ ಜೋಡಿಸಬೇಕೆಂಬ ಕಾನೂನು ಆಗ ಇರಲಿಲ್ಲ, ಜೋಡಿಸಿರಲಿಲ್ಲ. ಪರವಾನಗಿ ಪಡೆದ ಆಡಳಿತಾಧಿಕಾರಿ, ಡ್ಯೂಟಿಯ ಮೇಲಿದ್ದ ನರ್ಸ್‌ಗಳು ಎಲ್ಲರೂ ಇದ್ದರು. ‘ಸಾಕು, ಎಲ್ಲರನ್ನೂ ಎದುರಿನ ಆಸ್ಪತ್ರೆಗೆ ಸಾಗಿಸಿ’ ಎಂದು ಹೇಳುವ ಒಂದು ಬಾಯಿ ಮಾತ್ರ ಇರಲಿಲ್ಲ. ನರ್ಸಿಂಗ್ ಹೋಮ್‌ಗಳಲ್ಲಿ ರೋಗಿಯ ಸುರಕ್ಷತೆ ಎಂಬ ವಿಷಯ ಕೊನೆಗೆ ಬಂದು ನಿಲ್ಲುವುದು ಇಲ್ಲಿಗೇ: ಹಾಸಿಗೆಯ ಪಕ್ಕದಲ್ಲಿರುವವರು ಕಂಡದ್ದು ತೀರ್ಮಾನ ಮಾಡಬಲ್ಲವರ ಕಿವಿಗೆ ಎಷ್ಟು ಬೇಗ ತಲುಪುತ್ತದೆ, ತಲುಪಿದ ಮೇಲೆ ಅವರು ಏನು ಮಾಡುತ್ತಾರೆ.

ಇಲ್ಲಿ ಹೇಳುತ್ತಿರುವುದು ನಮ್ಮ ಊರುಗಳ ಇಪ್ಪತ್ತು ಹಾಸಿಗೆಯ ಖಾಸಗಿ ಆಸ್ಪತ್ರೆಗಳ ವಿಷಯವಲ್ಲ. ಅಮೆರಿಕದ ನರ್ಸಿಂಗ್ ಹೋಮ್ ಎಂದರೆ ವಯಸ್ಸಾದವರು, ಮರೆವಿನ ಕಾಯಿಲೆಯವರು, ಲಕ್ವಾ ಹೊಡೆದವರು ತಿಂಗಳುಗಟ್ಟಲೆ, ವರ್ಷಗಟ್ಟಲೆ ಇರುವ ಜಾಗ. ಅಂಥ ಸುಮಾರು 15,000 ಮನೆಗಳಲ್ಲಿ ಹನ್ನೆರಡು ಲಕ್ಷಕ್ಕೂ ಹೆಚ್ಚು ಜನರಿದ್ದಾರೆ. ಅವರ ಮೈತೊಳೆಸುವುದು, ಉಣಿಸುವುದು, ಮಗ್ಗುಲು ಬದಲಿಸುವುದು ಬಹುಪಾಲು ನರ್ಸ್ ಏಡ್‌ಗಳ ಕೆಲಸ. ನಮ್ಮಲ್ಲಿ ಆಯಾ ಎಂದು ಕರೆಯುತ್ತೇವಲ್ಲ, ಅವರು. ಈ ಕೆಲಸಕ್ಕೆ ಕೇಂದ್ರ ಕಾನೂನು ಕೇಳುವ ಕನಿಷ್ಠ ತರಬೇತಿ 75 ಗಂಟೆ.

ಆಸ್ಪತ್ರೆಗಳ ತಪ್ಪುಗಳ ಬಗ್ಗೆ ಜಗತ್ತು ಗಂಭೀರವಾಗಿ ಮಾತಾಡಲು ಶುರುಮಾಡಿದ್ದು 1999ರಲ್ಲಿ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಆ ವರ್ಷ ಹೊರತಂದ ವರದಿ, ವೈದ್ಯಕೀಯ ತಪ್ಪುಗಳಿಂದ ಆಸ್ಪತ್ರೆಗಳಲ್ಲಿ ವರ್ಷಕ್ಕೆ 44,000ದಿಂದ 98,000 ಮಂದಿ ಸಾಯುತ್ತಿದ್ದಾರೆ ಎಂದು ಅಂದಾಜಿಸಿತು. ನರ್ಸಿಂಗ್ ಹೋಮ್‌ಗಳ ಸರದಿ ಬರಲು ಇನ್ನೂ ಹದಿನೈದು ವರ್ಷ ಹಿಡಿಯಿತು. ಮುದುಕರು ಸತ್ತರೆ ‘ವಯಸ್ಸಾಗಿತ್ತು’ ಎಂಬ ಒಂದು ಮಾತಿನಲ್ಲಿ ಎಲ್ಲ ಮುಗಿದುಹೋಗುತ್ತದೆ, ಅದಕ್ಕೇ ಇರಬೇಕು. 2014ರಲ್ಲಿ ಅಲ್ಲಿನ ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಕಚೇರಿಯು, ಆಸ್ಪತ್ರೆಯಿಂದ ಬಿಡುಗಡೆಯಾಗಿ ಚೇತರಿಕೆಗೆಂದು ನರ್ಸಿಂಗ್ ಹೋಮ್ ಸೇರಿದವರ ಕೇಸ್ ಶೀಟ್‌ಗಳನ್ನು ವೈದ್ಯರಿಂದ ಓದಿಸಿತು. ನೂರರಲ್ಲಿ 22 ಮಂದಿಗೆ ಅಲ್ಲಿದ್ದಾಗಲೇ ಗಂಭೀರ ಹಾನಿಯಾಗಿತ್ತು. ಇನ್ನೂ 11 ಮಂದಿಗೆ ತಾತ್ಕಾಲಿಕ ತೊಂದರೆಯಾಗಿತ್ತು. ಇವುಗಳಲ್ಲಿ 59% ತಪ್ಪಿಸಬಹುದಾಗಿದ್ದವು ಎಂದು ವೈದ್ಯರು ಷರಾ ಬರೆದರು. ಕಾರಣಗಳನ್ನು ನೋಡಿದರೆ ಯಾವುದೂ ದೊಡ್ಡ ಶಸ್ತ್ರಚಿಕಿತ್ಸೆಯ ಎಡವಟ್ಟಲ್ಲ. ಔಷಧದ ಹೆಚ್ಚುಕಡಿಮೆ, ಬೀಳುವುದು, ಹಾಸಿಗೆ ಹುಣ್ಣು, ಸೋಂಕು, ನೋಡಬೇಕಾದಾಗ ನೋಡದೇ ಇದ್ದದ್ದು. ಸದ್ದಿಲ್ಲದೆ, ದಿನವೂ ಆಗುವ ಹಾನಿ.

ಈ ಹಾನಿ ಮೊದಲು ಕಣ್ಣಿಗೆ ಬೀಳುವುದು ಯಾರಿಗೆ? ವೈದ್ಯರು ವಾರಕ್ಕೋ ತಿಂಗಳಿಗೋ ಬರುತ್ತಾರೆ. ಹೆಡ್ ನರ್ಸ್ ಬರೆಯುವ ಕೆಲಸದಲ್ಲಿ ಮುಳುಗಿರುತ್ತಾರೆ. ‘ನಿನ್ನೆ ಎರಡು ಚಪಾತಿ ತಿಂದವರು ಇಂದು ತಟ್ಟೆ ಸರಿಸಿದರು’ ಎಂಬಂಥ ಸಣ್ಣ ಬದಲಾವಣೆ ಗೊತ್ತಾಗುವುದು ಉಣಿಸುವ ಆಯಾಗೆ. ಇದನ್ನೇ ನೆಚ್ಚಿಕೊಂಡು ಜೋಸೆಫ್ ಔಸ್‌ಲ್ಯಾಂಡರ್ ಎಂಬ ವೃದ್ಧರೋಗ ತಜ್ಞರೂ ಅವರ ಸಂಗಡಿಗರೂ ‘ಇಂಟರ್‌ಆ್ಯಕ್ಟ್’ ಎಂಬ ಪದ್ಧತಿ ರೂಪಿಸಿದರು. ಅದರ ಹೃದಯದಲ್ಲಿರುವುದು ಒಂದೇ ಒಂದು ಚೀಟಿ. ಎಂದಿನಂತಿಲ್ಲ, ಮಾತು ಕಡಿಮೆಯಾಗಿದೆ, ನೋವಿದೆ, ಊಟ ಕಡಿಮೆ, ನೀರು ಕಡಿಮೆ, ಮಲವಿಸರ್ಜನೆ ಆಗಿಲ್ಲ, ಸಿಡಿಮಿಡಿ, ಸುಸ್ತು, ಚರ್ಮದ ಬಣ್ಣ ಬದಲಾಗಿದೆ, ನಡೆಯಲು ಆಸರೆ ಬೇಕಾಗಿದೆ ಇತ್ಯಾದಿ ಹನ್ನೆರಡು ಸಂಗತಿಗಳಲ್ಲಿ ಕಂಡದ್ದಕ್ಕೆ ಗುರುತು ಹಾಕಿ ನರ್ಸ್‌ ಕೈಗೆ ಕೊಡಬೇಕು. ಕೊಡುವವರು ಆಯಾ ಆಗಬಹುದು, ಕಸ ಗುಡಿಸುವವರಾಗಬಹುದು, ನೋಡಲು ಬಂದ ಮಗಳೂ ಆಗಬಹುದು.

ಚೀಟಿ ಫಲ ಕೊಟ್ಟಿತೇ? 2011ರಲ್ಲಿ ಪ್ರಕಟವಾದ ಮೊದಲ ಅಧ್ಯಯನದಲ್ಲಿ 25 ನರ್ಸಿಂಗ್ ಹೋಮ್‌ಗಳಿದ್ದವು. ಅಲ್ಲಿಂದ ಆಸ್ಪತ್ರೆಗೆ ಓಡಬೇಕಾದ ಪ್ರಸಂಗಗಳು ಒಟ್ಟಾರೆ 17% ಕಡಿಮೆಯಾದವು. ಮನಸ್ಸಿಟ್ಟು ತೊಡಗಿಸಿಕೊಂಡ 17 ಮನೆಗಳಲ್ಲಿ 24% ಇಳಿಯಿತು. ಕಾಟಾಚಾರಕ್ಕೆ ಮಾಡಿದ ಎಂಟರಲ್ಲಿ 6% ಮಾತ್ರ. ಚೀಟಿ ಎಲ್ಲ ಕಡೆಯೂ ಅದೇ. ಆಮೇಲೆ 2017ರಲ್ಲಿ ಎಂಬತ್ತಕ್ಕೂ ಹೆಚ್ಚು ಮನೆಗಳಲ್ಲಿ ಕಟ್ಟುನಿಟ್ಟಾಗಿ ನಡೆಸಿದ ಪ್ರಯೋಗದಲ್ಲಿ ಹೇಳಿಕೊಳ್ಳುವಂಥ ಪರಿಣಾಮ ಕಾಣಲಿಲ್ಲ. ಇದರಿಂದ ನಿರಾಶರಾದವರು ಉಂಟು. ಆದರೆ ಎರಡು ಫಲಿತಾಂಶಗಳನ್ನು ಒಟ್ಟಿಗೆ ಓದಿದರೆ ತಿಳಿಯುವುದು ಇಷ್ಟು: ಚೀಟಿ ಹಂಚುವುದು ಸುಲಭ, ಆಯಾ ತಂದ ಚೀಟಿಯನ್ನು ನರ್ಸ್ ತಿರಸ್ಕರಿಸದೆ ಓದುವ ವಾತಾವರಣ ತರುವುದು ಕಷ್ಟ. ಅದು ಮುಖ್ಯಸ್ಥರ ಕೆಲಸ, ಮತ್ತು ಅದಕ್ಕೆ ಯಾವ ನಮೂನೆಯ ಫಾರಮ್ಮೂ ಇಲ್ಲ.

ಇನ್ನೊಂದು ಅಧ್ಯಯನ ಇದನ್ನೇ ಬೇರೆ ಬಾಗಿಲಿನಿಂದ ನೋಡಿತು. ಕ್ರಿಸ್ಟಫರ್ ಡೊನಹ್ಯೂ ಮತ್ತು ನಿಕೊಲಾಸ್ ಕ್ಯಾಸಲ್ 2009ರಲ್ಲಿ ಸಾವಿರಾರು ನರ್ಸಿಂಗ್ ಹೋಮ್ ಆಡಳಿತಾಧಿಕಾರಿಗಳನ್ನು ಅವರ ಕಾರ್ಯಶೈಲಿಯ ಪ್ರಕಾರ ಗುಂಪು ಮಾಡಿ, ಯಾರ ಕೈಕೆಳಗೆ ಎಷ್ಟು ಜನ ಕೆಲಸ ಬಿಡುತ್ತಾರೆ ಎಂದು ಎಣಿಸಿದರು. ಸಿಬ್ಬಂದಿಯ ಅಭಿಪ್ರಾಯ ಕೇಳಿ, ಅದರಂತೆ ನಡೆಯುವವರು ಒಂದು ತುದಿ. ಯಾರನ್ನೂ ಕೇಳದೆ, ಯಾರಿಗೂ ಏನನ್ನೂ ತಿಳಿಸದೆ ಆಳುವವರು ಇನ್ನೊಂದು ತುದಿ. ಕೇಳಿ ನಡೆಯುವವರ ಕೈಕೆಳಗೆ ವರ್ಷಕ್ಕೆ ಕೆಲಸ ಬಿಟ್ಟ ಆಯಾಗಳ ಪ್ರಮಾಣ 44%. ಕೇಳದವರ ಕೈಕೆಳಗೆ 168%. ಎಂದರೆ ನೂರು ಹುದ್ದೆಗಳಿದ್ದಲ್ಲಿ ಒಂದು ವರ್ಷದಲ್ಲಿ 168 ಮಂದಿ ಬಂದು ಬಿಟ್ಟುಹೋಗಿದ್ದಾರೆ. ಪೂರ್ಣ ಅರ್ಹತೆಯ ನರ್ಸ್‌ಗಳಲ್ಲಿ ಇದು 7% ಮತ್ತು 32%. ಸಂಬಳ, ದೂರ, ಕೆಲಸದ ಹೊರೆ ಎಲ್ಲವೂ ಇದರಲ್ಲಿ ಸೇರಿರುತ್ತವೆ, ನಿಜ. ಆದರೂ ಇಷ್ಟು ದೊಡ್ಡ ಅಂತರವನ್ನು ಬರೀ ಸಂಬಳದ ಮೇಲೆ ಹಾಕಿ ಕೈತೊಳೆದುಕೊಳ್ಳಲಾಗದು.

ಜನ ಬದಲಾಗುತ್ತಲೇ ಇದ್ದರೆ ಸುರಕ್ಷತೆಯ ತರಬೇತಿ ಕೊಡುವುದೆಂದರೆ ಸೋರುವ ಕೊಡಕ್ಕೆ ನೀರು ತುಂಬಿದ ಹಾಗೆ. ಮೊನ್ನೆ ಸೇರಿದ ಆಯಾಗೆ ಏಳನೇ ಕೋಣೆಯ ಅಜ್ಜಿ ನೋವಾದಾಗ ಕೂಗುವುದಿಲ್ಲ, ಸುಮ್ಮನಾಗಿಬಿಡುತ್ತಾರೆ ಎಂಬುದು ಹೇಗೆ ಗೊತ್ತಾಗಬೇಕು? 2021ರಲ್ಲಿ ಅಶ್ವಿನ್ ಗಾಂಧಿ, ಹುಯ್ಝಿ ಯು ಮತ್ತು ಡೇವಿಡ್ ಗ್ರಾಬೋಸ್ಕಿ ದೇಶದ ಎಲ್ಲ ಮನೆಗಳ ಸಂಬಳದ ಲೆಕ್ಕ ಹಿಡಿದು ನೋಡಿದಾಗ, ನರ್ಸಿಂಗ್ ಸಿಬ್ಬಂದಿಯ ಬದಲಾವಣೆ ವರ್ಷಕ್ಕೆ ಸರಾಸರಿ 128% ಇತ್ತು. ಮುಖ್ಯಸ್ಥರ ಕುರ್ಚಿಯೂ ಗಟ್ಟಿಯಿಲ್ಲ. ಆಡಳಿತಾಧಿಕಾರಿ ಪದೇಪದೇ ಬದಲಾಗುವ ಮನೆಗಳಿಗೂ ಹಾಸಿಗೆ ಹುಣ್ಣಿನಂಥ ಕೆಟ್ಟ ಆರೈಕೆಯ ಗುರುತುಗಳಿಗೂ ನಂಟಿದೆ ಎಂದು ಕ್ಯಾಸಲ್ 2001ರಲ್ಲೇ ತೋರಿಸಿದ್ದರು.

ತಪ್ಪನ್ನು ಹೇಳಿಕೊಳ್ಳುವುದರ ಕಥೆ ಇನ್ನೂ ಸೂಕ್ಷ್ಮ. ಸುರಕ್ಷತೆಯ ಸಂಸ್ಕೃತಿ ಹೇಗಿದೆ ಎಂದು ನರ್ಸಿಂಗ್ ಹೋಮ್ ಸಿಬ್ಬಂದಿಯನ್ನೇ ಕೇಳುವ ಒಂದು ಪ್ರಶ್ನಾವಳಿಯನ್ನು ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ 2008ರಿಂದ ಬಳಕೆಗೆ ತಂದಿದೆ. ವರ್ಷ ವರ್ಷವೂ ಅದರಲ್ಲಿ ಅತಿ ಕಡಿಮೆ ಅಂಕ ಬೀಳುವುದು ಎರಡಕ್ಕೆ. ಒಂದು, ಸಾಕಷ್ಟು ಜನ ಇದ್ದಾರೆಯೇ? ಇನ್ನೊಂದು, ತಪ್ಪು ಹೇಳಿಕೊಂಡರೆ ಶಿಕ್ಷೆ ಇಲ್ಲವೇ? ಮಾತ್ರೆ ತಪ್ಪಾಗಿ ಕೊಟ್ಟೆ ಎಂದು ಬಾಯಿಬಿಟ್ಟರೆ ಕೆಲಸ ಹೋಗುತ್ತದೆಂದಾದರೆ ಬಾಯಿಬಿಡುವವರು ಯಾರು? ಎತ್ತುವಾಗ ಅಜ್ಜ ಜಾರಿದ್ದು ‘ಬೆಳಗ್ಗೆ ನೋಡಿದಾಗ ನೆಲದಲ್ಲಿದ್ದರು’ ಎಂದಾಗುತ್ತದೆ. ಫ್ಲಾರಿಡಾದ ಆ ಮನೆಯ ದಾಖಲೆಗಳಲ್ಲಿ, ಒಬ್ಬರು ತೀರಿಹೋದ ಮೇಲೆ ‘ಹಾಸಿಗೆಯಲ್ಲಿ ವಿಶ್ರಾಂತಿಯಲ್ಲಿದ್ದಾರೆ, ಉಸಿರಾಟ ಸಲೀಸಾಗಿದೆ’ ಎಂಬರ್ಥದ ಸಾಲು ಸೇರಿತ್ತೆಂದು ರಾಜ್ಯದ ತನಿಖಾ ಆದೇಶ ಹೇಳಿತು. ಕಾಗದದ ಮೇಲೆ ಎಲ್ಲವೂ ಕ್ಷೇಮ.

ಬಾಯಿಬಿಡಲು ಇನ್ನೂ ಹೆಚ್ಚು ಹೆದರುವವರು ಪರದೇಶದಿಂದ ಹೋದವರು. ಮಂಗಳೂರು, ಉಡುಪಿ, ಬೆಂಗಳೂರಿನ ನರ್ಸಿಂಗ್ ಕಾಲೇಜುಗಳಲ್ಲಿ ಓದಿದ ಎಷ್ಟೋ ಮಂದಿ ಬ್ರಿಟನ್, ಐರ್ಲೆಂಡ್, ಅಮೆರಿಕದ ಇಂಥ ಮನೆಗಳಲ್ಲಿ ದುಡಿಯುತ್ತಿದ್ದಾರೆ. ಬ್ರಿಟನ್ 2022ರಲ್ಲಿ ಆರೈಕೆ ಕೆಲಸಗಾರರಿಗೂ ವೀಸಾ ಬಾಗಿಲು ತೆರೆದಾಗ ಭಾರತದಿಂದ ದೊಡ್ಡ ಸಂಖ್ಯೆಯಲ್ಲಿ ಹೋದರು. 2025ರ ಜುಲೈಯಲ್ಲಿ ಆ ಬಾಗಿಲು ಹೊಸಬರಿಗೆ ಮುಚ್ಚಿತು. ವೀಸಾ ಮಾಲೀಕನ ಕೈಯಲ್ಲಿರುವಾಗ ‘ರಾತ್ರಿ ಪಾಳಿಯಲ್ಲಿ ನಾವು ಇಬ್ಬರೇ, ಮೂವತ್ತು ಮಂದಿಯನ್ನು ನೋಡಿಕೊಳ್ಳಲಾಗದು’ ಎಂದು ದೂರುವ ಧೈರ್ಯ ಎಷ್ಟು ಜನರಿಗೆ ಬಂದೀತು? ಊರಲ್ಲಿ ಸಾಲ ಮಾಡಿ ಹೋದವರಿಗಂತೂ ಬಾರದು.

ಕೊರೊನಾ ಇದೆಲ್ಲವನ್ನೂ ಒಮ್ಮೆಲೇ ಬಯಲಿಗೆ ತಂದಿತು. ವಾಷಿಂಗ್ಟನ್ ರಾಜ್ಯದ ಕರ್ಕ್‌ಲ್ಯಾಂಡ್‌ನ ಒಂದು ನರ್ಸಿಂಗ್ ಹೋಮ್ 2020ರ ಫೆಬ್ರುವರಿ ಕೊನೆಯಲ್ಲಿ ಅಮೆರಿಕದ ಮೊದಲ ದೊಡ್ಡ ಸೋಂಕಿನ ಕೇಂದ್ರವಾಯಿತು. ಮಾರ್ಚ್ 18ರ ಹೊತ್ತಿಗೆ ಅಲ್ಲಿನ 101 ನಿವಾಸಿಗಳಿಗೆ, 50 ಮಂದಿ ಆರೋಗ್ಯ ಸಿಬ್ಬಂದಿಗೆ, ನೋಡಲು ಬಂದಿದ್ದ 16 ಮಂದಿಗೆ ಸೋಂಕು ತಗಲಿದ್ದು ಖಚಿತವಾಯಿತು. ಹರಡಿದ ಕಾರಣಗಳನ್ನು ತನಿಖಾ ತಂಡ ಪಟ್ಟಿ ಮಾಡಿದಾಗ ಅದರಲ್ಲಿ ಎರಡು ಸಂಗತಿಗಳು ಎದ್ದು ಕಂಡವು: ಹುಷಾರಿಲ್ಲದಿದ್ದರೂ ಕೆಲಸಕ್ಕೆ ಬಂದವರಿದ್ದರು, ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ಪಾಳಿ ಮಾಡುತ್ತಿದ್ದವರೂ ಇದ್ದರು. ರಜೆ ಹಾಕಿದರೆ ದಿನಗೂಲಿ ಹೋಗುವ, ಒಂದು ಕಡೆಯ ಸಂಬಳದಲ್ಲಿ ಮನೆ ನಡೆಯದ ಕೆಲಸದಲ್ಲಿ ಇದು ಯಾರಿಗೂ ಅಚ್ಚರಿ ತರಬೇಕಿಲ್ಲ. ಕೊನೆಗೆ ಆ ದೇಶದ ನರ್ಸಿಂಗ್ ಹೋಮ್‌ಗಳಲ್ಲಿ ಕೊರೊನಾದಿಂದ ಸತ್ತ ನಿವಾಸಿಗಳ ಸಂಖ್ಯೆ ಒಂದೂವರೆ ಲಕ್ಷ ಮೀರಿತು.

ಮುಖ್ಯಸ್ಥರನ್ನು ದೂರುವುದೂ ಅಷ್ಟು ಸಲೀಸಲ್ಲ. ಹಾಲಿವುಡ್ ಹಿಲ್ಸ್‌ನಲ್ಲಿ ಹೊರಸಾಗಿಸದೆ ಇದ್ದದ್ದು ತಪ್ಪಾಯಿತು. 2005ರಲ್ಲಿ ಕತ್ರಿನಾ ಚಂಡಮಾರುತ ಬಂದಾಗ ಲೂಯಿಸಿಯಾನಾದ ಸೇಂಟ್ ರೀಟಾಸ್ ನರ್ಸಿಂಗ್ ಹೋಮ್ ಹೊರಸಾಗಿಸದೆ 35 ಮಂದಿ ನೀರುಪಾಲಾದರು. ಆದರೆ ಅದೇ ವರ್ಷ, ಕೆಲವೇ ವಾರಗಳ ಬಳಿಕ ರೀಟಾ ಚಂಡಮಾರುತಕ್ಕೆ ಹೆದರಿ ಟೆಕ್ಸಾಸ್‌ನಲ್ಲಿ ವೃದ್ಧರನ್ನು ಹೊತ್ತು ಹೊರಟ ಬಸ್ಸೊಂದಕ್ಕೆ ಡಲ್ಲಾಸ್ ಬಳಿ ಬೆಂಕಿ ಹತ್ತಿ 23 ಮಂದಿ ಸುಟ್ಟುಹೋದರು. ಮರೆವಿನ ಕಾಯಿಲೆಯವರನ್ನು ಚಂಡಮಾರುತದ ಸಮಯದಲ್ಲಿ ಸ್ಥಳಾಂತರಿಸಿದರೆ ಮುಂದಿನ ತಿಂಗಳಲ್ಲಿ ಸಾಯುವವರ ಸಂಖ್ಯೆ ಹೆಚ್ಚುತ್ತದೆ ಎಂದು ಆಮೇಲಿನ ಸಂಶೋಧನೆಗಳು ಹೇಳಿವೆ. ಇದ್ದರೂ ಕಷ್ಟ, ಹೊರಟರೂ ಕಷ್ಟ. ಇಂಥ ಹೊತ್ತಿನಲ್ಲಿ ಕಡತ ಉತ್ತರ ಕೊಡುವುದಿಲ್ಲ. ನಿವಾಸಿಗಳನ್ನು ಬಲ್ಲ, ಕಟ್ಟಡವನ್ನು ಬಲ್ಲ, ಪ್ರತಿ ಗಂಟೆಗೂ ಮೇಲೆ ಹೋಗಿ ಕೈಯಿಂದ ಮೈ ಮುಟ್ಟಿ ನೋಡುವ ಮನುಷ್ಯ ಬೇಕು.

ನ್ಯಾಯಾಲಯಗಳಿಗೂ ಇದು ಬಗೆಹರಿಯದ ಗಂಟು. ಸೇಂಟ್ ರೀಟಾಸ್‌ನ ಮಾಲೀಕ ದಂಪತಿ 2007ರಲ್ಲಿ ಖುಲಾಸೆಯಾದರು. ಹಾಲಿವುಡ್ ಹಿಲ್ಸ್ ಪ್ರಕರಣದಲ್ಲಿ ಆಡಳಿತಾಧಿಕಾರಿ ಮತ್ತು ಮೂವರು ನರ್ಸ್‌ಗಳ ಮೇಲೆ 2019ರಲ್ಲಿ ಮೊಕದ್ದಮೆ ಹೂಡಿದರು. ನರ್ಸ್‌ಗಳ ಮೇಲಿನ ಆರೋಪ ಕೈಬಿಟ್ಟರು, ಆಡಳಿತಾಧಿಕಾರಿಯನ್ನು 2023ರಲ್ಲಿ ನ್ಯಾಯಾಧೀಶರೇ ನಿರ್ದೋಷಿ ಎಂದರು. ಮನೆಯ ಪರವಾನಗಿ ಮಾತ್ರ ಹೋಯಿತು. ಹನ್ನೆರಡು ಸಾವಿಗೆ ಕ್ರಿಮಿನಲ್ ಕಾನೂನಿನ ಕಣ್ಣಲ್ಲಿ ಯಾರೂ ಹೊಣೆಯಲ್ಲ. ಸತ್ತವರ ಮನೆಯವರಿಗೆ ಇದು ಅನ್ಯಾಯವಾಗಿ ಕಂಡರೆ ತಪ್ಪೇನಿಲ್ಲ. ಆದರೆ ಒಂದು ಒಳ್ಳೆಯದೂ ಆಯಿತು: 2018ರಲ್ಲಿ ಫ್ಲಾರಿಡಾ ಹೊಸ ಕಾನೂನು ತಂದು, ಕರೆಂಟ್ ಹೋದರೂ ನಾಲ್ಕು ದಿನ ಒಳಗಿನ ತಾಪ 81 ಡಿಗ್ರಿ ಫ್ಯಾರನ್‌ಹೀಟ್ ಮೀರದಂತೆ ಕಾಯುವ ಪರ್ಯಾಯ ವಿದ್ಯುತ್ ಮತ್ತು ಇಂಧನವನ್ನು ಎಲ್ಲ ನರ್ಸಿಂಗ್ ಹೋಮ್‌ಗಳೂ ಇಟ್ಟುಕೊಳ್ಳಬೇಕೆಂದು ಕಡ್ಡಾಯ ಮಾಡಿತು.

ಮುಖ್ಯಸ್ಥರ ಕೈ ಕಟ್ಟಿಹಾಕುವ ಇನ್ನೊಂದು ಶಕ್ತಿ ಮಾಲೀಕತ್ವ. ಮನೆ ಎಲ್ಲೋ, ಮಾಲೀಕರು ಎಲ್ಲೋ. ಎಷ್ಟು ಆಯಾಗಳು ಬೇಕೆಂದು ತೀರ್ಮಾನಿಸುವವರು ಆ ಕಟ್ಟಡಕ್ಕೆ ಕಾಲಿಟ್ಟವರೇ ಅಲ್ಲದಿರಬಹುದು. ಹೂಡಿಕೆ ಕಂಪನಿಗಳು ಖರೀದಿಸಿದ ನರ್ಸಿಂಗ್ ಹೋಮ್‌ಗಳಲ್ಲಿ ಅಲ್ಪಕಾಲ ಇದ್ದುಹೋಗುವ ರೋಗಿಗಳ ಸಾವಿನ ಪ್ರಮಾಣ ಸುಮಾರು 10% ಹೆಚ್ಚಿತು ಎಂದು ಅತುಲ್ ಗುಪ್ತಾ ಮತ್ತು ಸಂಗಡಿಗ ಅರ್ಥಶಾಸ್ತ್ರಜ್ಞರು 2021ರಲ್ಲಿ ಲೆಕ್ಕಹಾಕಿದರು. ಅಂಥ ಕಡೆ ಆಯಾಗಳ ಸಂಖ್ಯೆ ಇಳಿದಿತ್ತು, ಮಂಪರು ತರಿಸುವ ಮನೋವಿಕಾರದ ಔಷಧಗಳ ಬಳಕೆ ಏರಿತ್ತು. ಇವೆರಡರ ನಡುವಿನ ಕೊಂಡಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ನೋಡಿಕೊಳ್ಳಲು ಜನವಿಲ್ಲದಲ್ಲಿ ಮಾತ್ರೆಯೇ ನೋಡಿಕೊಳ್ಳುತ್ತದೆ. ಮರೆವಿನ ಕಾಯಿಲೆಯ ವೃದ್ಧರಿಗೆ ಈ ಔಷಧಗಳಿಂದ ಸಾವಿನ ಅಪಾಯ ಹೆಚ್ಚು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಕಟ್ಟೆಚ್ಚರ ಕೊಟ್ಟಿತ್ತು.

ರಾತ್ರಿ ಎರಡು ಗಂಟೆಗೆ ತೀರ್ಮಾನ ಯಾರದು ಎಂಬ ಪ್ರಶ್ನೆಗೆ ಕಾನೂನಿನ ಉತ್ತರವನ್ನೂ ನೋಡೋಣ. 1987ರ ಸುಧಾರಣಾ ಕಾಯಿದೆ ಅಮೆರಿಕದ ನರ್ಸಿಂಗ್ ಹೋಮ್‌ಗಳ ಚಹರೆ ಬದಲಿಸಿತು. ಅದಕ್ಕೆ ಮೊದಲು ಬಿದ್ದುಬಿಡುತ್ತಾರೆಂದು ಹತ್ತರಲ್ಲಿ ನಾಲ್ವರನ್ನು ಹಾಸಿಗೆಗೋ ಕುರ್ಚಿಗೋ ಕಟ್ಟುತ್ತಿದ್ದ ಕಾಲವಿತ್ತು. ಕಟ್ಟುವುದರಿಂದ ಬೀಳುವುದು ನಿಲ್ಲದು, ಹುಣ್ಣು ಮತ್ತು ಉಸಿರುಗಟ್ಟಿ ಸಾಯುವುದು ಹೆಚ್ಚುತ್ತದೆ ಎಂದು ಅರಿವಾದ ಮೇಲೆ ಕಾಯಿದೆ ಅದನ್ನು ಬಿಗಿಯಾಗಿ ತಡೆಯಿತು. ಕಟ್ಟುವುದು ಈಗ ಅಪರೂಪ. ಆದರೆ ಪೂರ್ಣ ಅರ್ಹತೆಯ ನರ್ಸ್ ದಿನಕ್ಕೆ ಎಂಟು ಗಂಟೆ ಇದ್ದರೆ ಸಾಕು ಎಂದು ಅದೇ ಕಾಯಿದೆ ಬಿಟ್ಟಿತು. ಉಳಿದ ಹದಿನಾರು ಗಂಟೆ ಕಡಿಮೆ ತರಬೇತಿಯ ನರ್ಸ್ ಇದ್ದರೂ ನಡೆಯುತ್ತದೆ. 2024ರ ಏಪ್ರಿಲ್‌ನಲ್ಲಿ ಸರ್ಕಾರ ಹೊಸ ನಿಯಮ ಹೊರಡಿಸಿ, 24 ಗಂಟೆಯೂ ಪೂರ್ಣ ಅರ್ಹತೆಯ ನರ್ಸ್ ಇರಬೇಕು, ಒಬ್ಬೊಬ್ಬ ನಿವಾಸಿಗೂ ದಿನಕ್ಕೆ 3.48 ಗಂಟೆಯ ಆರೈಕೆ ಸಿಗಬೇಕು ಎಂದಿತು. ಅಷ್ಟು ನರ್ಸ್‌ಗಳು ಎಲ್ಲಿದ್ದಾರೆ, ಹಣ ಎಲ್ಲಿದೆ ಎಂದು ಉದ್ಯಮ ಕೋರ್ಟಿಗೆ ಹೋಯಿತು. 2025ರಲ್ಲಿ ಟೆಕ್ಸಾಸ್‌ನ ಫೆಡರಲ್ ನ್ಯಾಯಾಲಯ ನಿಯಮವನ್ನು ರದ್ದುಮಾಡಿತು. ಅದೇ ವರ್ಷ ಸಂಸತ್ತು 2034ರವರೆಗೆ ಅದರ ಜಾರಿಗೆ ತಡೆ ಹಾಕಿತು. ಹಳ್ಳಿಗಾಡಿನ ಸಣ್ಣ ಮನೆಗಳ ಕಷ್ಟ ಸುಳ್ಳಲ್ಲ. ಆದರೂ ವರ್ಷಗಟ್ಟಲೆ ರಾತ್ರಿಗಳನ್ನು ಹೀಗೇ ಬಿಡುವುದು ಪರಿಹಾರವೂ ಅಲ್ಲ.

ಹಾಗಾದರೆ ಒಳ್ಳೆಯ ಉದಾಹರಣೆ ಇಲ್ಲವೇ? ಇದೆ, ಅದು ಗದ್ದಲದಿಂದ ಶುರುವಾಯಿತು. 1991ರಲ್ಲಿ ಬಿಲ್ ಥಾಮಸ್ ಎಂಬ ತರುಣ ವೈದ್ಯ ನ್ಯೂಯಾರ್ಕ್ ರಾಜ್ಯದ ನ್ಯೂ ಬರ್ಲಿನ್ ಎಂಬ ಸಣ್ಣ ಊರಿನ ಚೇಸ್ ಮೆಮೋರಿಯಲ್ ನರ್ಸಿಂಗ್ ಹೋಮ್‌ಗೆ ವೈದ್ಯಕೀಯ ನಿರ್ದೇಶಕರಾಗಿ ಬಂದರು. ಸುಮಾರು 80 ನಿವಾಸಿಗಳು. ಎಲ್ಲವೂ ಚೊಕ್ಕಟ, ಎಲ್ಲವೂ ನಿಯಮದಂತೆ, ಆದರೆ ಜೀವವಿಲ್ಲ. ಒಂಟಿತನ, ಅಸಹಾಯಕತೆ, ಬೇಸರ, ಈ ಮೂರೇ ಇಲ್ಲಿನ ನಿಜವಾದ ಕಾಯಿಲೆಗಳು ಎಂದು ಅವರು ತೀರ್ಮಾನಿಸಿ ಎರಡು ನಾಯಿ, ನಾಲ್ಕು ಬೆಕ್ಕು, ನೂರು ಗಿಳಿಗಳನ್ನು ತರಲು ಹೊರಟರು. ಆಡಳಿತಾಧಿಕಾರಿ ಮತ್ತು ನರ್ಸಿಂಗ್ ಮುಖ್ಯಸ್ಥೆ ಮೊದಲು ಹಿಂಜರಿದರು, ಆಮೇಲೆ ಒಪ್ಪಿದರು. ನಿಯಮಕ್ಕೆ ರಾಜ್ಯ ಸರ್ಕಾರದಿಂದ ವಿನಾಯಿತಿ ಪಡೆದರು. ಗಿಳಿಗಳು ಬಂದ ದಿನ ಪಂಜರಗಳು ಬಂದಿರಲಿಲ್ಲ! ತಂದವನು ಅವನ್ನು ಅಲ್ಲಿನ ಬ್ಯೂಟಿ ಪಾರ್ಲರ್ ಕೋಣೆಯಲ್ಲಿ ಬಿಟ್ಟು ಬಾಗಿಲು ಹಾಕಿ ಹೋದ. ಸಿಬ್ಬಂದಿ ಹಕ್ಕಿ ಹಿಡಿಯುತ್ತ ಓಡಾಡುವುದನ್ನು ನೋಡಿ ನಿವಾಸಿಗಳು ಕಿಟಕಿಯಾಚೆ ನಿಂತು ಹೊಟ್ಟೆ ಹುಣ್ಣಾಗುವಂತೆ ನಕ್ಕರು.

ಇದು ನಗುವ ಕಥೆಯಾಗಿ ಮುಗಿಯಲಿಲ್ಲ. ಸರ್ಜನ್ ಹಾಗೂ ಲೇಖಕ ಅತುಲ್ ಗವಾಂಡೆ 2014ರ ತಮ್ಮ ‘ಬೀಯಿಂಗ್ ಮಾರ್ಟಲ್’ ಪುಸ್ತಕದಲ್ಲಿ ಈ ಪ್ರಯೋಗವನ್ನು ದಾಖಲಿಸಿದ್ದಾರೆ. ಹತ್ತಿರದ ಇನ್ನೊಂದು ನರ್ಸಿಂಗ್ ಹೋಮ್‌ಗೆ ಹೋಲಿಸಿದರೆ ಚೇಸ್‌ನಲ್ಲಿ ಔಷಧ ಚೀಟಿಗಳು ಅರ್ಧಕ್ಕಿಳಿದವು. ಉದ್ವೇಗಕ್ಕೆ ಕೊಡುವ ಔಷಧಗಳಲ್ಲಿ ಇಳಿತ ಎದ್ದುಕಂಡಿತು. ಸಾವುಗಳು 15% ಕಡಿಮೆಯಾದವು. ನಾಯಿ ಬೆಕ್ಕುಗಳಿಂದ ಬೀಳುವ ಅಪಾಯ, ಸೋಂಕಿನ ಅಪಾಯ ಎಂದು ಎಣಿಸುತ್ತ ಕೂತಿದ್ದರೆ ಏನೂ ಆಗುತ್ತಿರಲಿಲ್ಲ. ಥಾಮಸ್ ಮುಂದೆ ‘ಗ್ರೀನ್ ಹೌಸ್’ ಎಂಬ ಸಣ್ಣ ಮನೆಗಳ ಮಾದರಿ ತಂದರು; ಮೊದಲನೆಯದು 2003ರಲ್ಲಿ ಮಿಸಿಸಿಪಿಯ ಟುಪೆಲೊದಲ್ಲಿ ಆರಂಭವಾಯಿತು. ಹತ್ತು ಹನ್ನೆರಡು ನಿವಾಸಿಗಳು, ಒಬ್ಬೊಬ್ಬರಿಗೂ ಪ್ರತ್ಯೇಕ ಕೋಣೆ, ಅಡುಗೆ, ಆರೈಕೆ ಎಲ್ಲವನ್ನೂ ಅದೇ ಕೆಲವು ಕೈಗಳು ಮಾಡುತ್ತವೆ, ದಿನಚರಿಯ ತೀರ್ಮಾನವೂ ಅವರದೇ. ಕೊರೊನಾ ಕಾಲದಲ್ಲಿ ಈ ಮನೆಗಳಲ್ಲಿ ಸೋಂಕೂ ಸಾವೂ ದೊಡ್ಡ ನರ್ಸಿಂಗ್ ಹೋಮ್‌ಗಳಿಗಿಂತ ಕಡಿಮೆ ಇದ್ದವು.

ನಮ್ಮಲ್ಲಿ? 2011ರ ಜನಗಣತಿಯಲ್ಲೇ ಭಾರತದಲ್ಲಿ ಅರವತ್ತು ದಾಟಿದವರು ಹತ್ತು ಕೋಟಿ ಮೀರಿದ್ದರು. ಮಕ್ಕಳು ಕ್ಯಾಲಿಫೋರ್ನಿಯಾದಲ್ಲೋ ಸಿಂಗಪುರದಲ್ಲೋ ಇರುವ ಬೆಂಗಳೂರು, ಮೈಸೂರು, ಮಂಗಳೂರಿನ ಮನೆಗಳಿಂದ ವೃದ್ಧರ ಆರೈಕೆ ಕೇಂದ್ರಗಳಿಗೆ ದಾರಿ ಹತ್ತಿರವಾಗುತ್ತಿದೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯಿದೆ ಜಿಲ್ಲೆಗೊಂದಾದರೂ ವೃದ್ಧಾಶ್ರಮದ ಮಾತಾಡುತ್ತದೆ, ಅವುಗಳ ಮಾನದಂಡ ರೂಪಿಸುವ ಅಧಿಕಾರವನ್ನು ರಾಜ್ಯಗಳಿಗೆ ಕೊಡುತ್ತದೆ. ನಿವೃತ್ತರ ವಸತಿಗಳ ಬಗ್ಗೆ ಕೇಂದ್ರ 2019ರಲ್ಲಿ ಮಾದರಿ ಮಾರ್ಗಸೂಚಿಯನ್ನೂ ಹೊರಡಿಸಿದೆ. ಆದರೆ ಆರೈಕೆ ಕೇಂದ್ರಗಳ ಜಾಹೀರಾತಿನಲ್ಲಿ ತೋಟ, ಭಜನೆ, ಸಾತ್ವಿಕ ಊಟ, ಸಿಸಿಟಿವಿ ಕಾಣುತ್ತವೆ; ರಾತ್ರಿ ಪಾಳಿಯಲ್ಲಿ ಎಷ್ಟು ಜನ ಎಂಬುದು ಕಾಣುವುದಿಲ್ಲ.

ಆದ್ದರಿಂದ ಅಪ್ಪ ಅಮ್ಮನಿಗೆ ಜಾಗ ನೋಡಲು ಹೋಗುವವರು ಸಂಜೆ ಊಟವಾದ ಮೇಲೆ, ಹೇಳದೆ ಒಮ್ಮೆ ಹೋಗಿಬನ್ನಿ. ಮುಖ್ಯಸ್ಥರು ಎಷ್ಟು ವರ್ಷದಿಂದ ಇದ್ದಾರೆ, ಅವರಿಗೆ ಮುಂಚಿನವರು ಯಾಕೆ ಬಿಟ್ಟರು ಎಂದು ಕೇಳಿ. ಕಳೆದ ತಿಂಗಳು ಎಷ್ಟು ಜನ ಬಿದ್ದರು ಎಂದೂ ಕೇಳಿ. ‘ನಮ್ಮಲ್ಲಿ ಯಾರೂ ಬೀಳುವುದೇ ಇಲ್ಲ’ ಎಂಬ ಉತ್ತರ ಬಂದರೆ ಇನ್ನೊಂದು ಕಡೆ ನೋಡುವುದು ಮೇಲು. ಆಯಾ ಮುಖ್ಯಸ್ಥರ ಎದುರಿಗೇ ನಿಮ್ಮ ಜೊತೆ ಸಲೀಸಾಗಿ ಮಾತಾಡುತ್ತಾರೋ, ತಲೆ ತಗ್ಗಿಸಿ ಸರಿದುಹೋಗುತ್ತಾರೋ ಗಮನಿಸಿ. ರಾತ್ರಿ ಎರಡು ಗಂಟೆಗೆ ಏನಾದರೂ ಆದರೆ ಆಂಬುಲೆನ್ಸ್ ಕರೆಯಲು ಯಾರ ಅನುಮತಿ ಬೇಕು ಎಂದು ಕೇಳುವುದನ್ನಂತೂ ಮರೆಯಬೇಡಿ. ಹಿರಿಯರಿಗೆ ಎಲ್ಲಾದರೂ ತೊಂದರೆಯಾಗುತ್ತಿದೆ ಎನಿಸಿದರೆ ರಾಷ್ಟ್ರೀಯ ಎಲ್ಡರ್‌ಲೈನ್ 14567ಕ್ಕೆ ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ ಉಚಿತವಾಗಿ ಕರೆ ಮಾಡಬಹುದು.